ಹಮೀದಾಕನ ಎಡಗಣ್ಣು

ನಮ್ಮ ಡ್ರೈವರ್ ಹಮೀದ್ ಕಾಕ, ಅಂದರೆ ನಮ್ಮೆಲ್ಲರ ಹಮೀದಾಕ, ಕುಳಿತದ್ದನ್ನು ನಾನು ಕಂಡದ್ದು ವ್ಯಾನಿನ ಸ್ಟಿಯರಿಂಗ್ ಹಿಂದೆ ಮಾತ್ರ. ಅಲ್ಲೂ ಸಿಗ್ನಲ್ ಕೆಂಪಾದರೆ ಬೆರಳು ಕುಟ್ಟುತ್ತಾ, "ಎಂಥ ಮಾರಾಯ್ರೆ, ಇವತ್ತು ಹಸಿರೇ ಇಲ್ವಾ?" ಎನ್ನುತ್ತಿದ್ದರು. ಗಲ್ಫಿನ ಹೂರಾದಲ್ಲಿದ್ದ ನಮ್ಮ ಆರು ಮಂದಿ ನರ್ಸುಗಳನ್ನು ದಿನಾ ಹಮದ್ ಟೌನಿನ ಆಸ್ಪತ್ರೆಗೆ ಮುಟ್ಟಿಸುವ ಕೆಲಸ ಅವರದು. ನಾನು ಕಣ್ಣಿನ ವಿಭಾಗದವಳು.

ರೌಂಡ್‌ಬೌಟ್ ಹತ್ತಿರವಾದಾಗಲೆಲ್ಲ ದಾರಿಯ ಬೋರ್ಡು ಓದಲು ಅವರು ಗದ್ದ ಮೇಲೆತ್ತುವುದು ಒಂದು ದಿನ ನನ್ನ ಗಮನಕ್ಕೆ ಬಂತು.

"ಮೇಲಿನ ಬೋರ್ಡು ಎರಡೆರಡು ಕಾಣ್ತದಾ?"

"ನಿಮಗೆ ಯಾರು ಹೇಳಿದ್ದು ಸಿಸ್ಟರ್?" ಎಂದು ಕನ್ನಡಿಯಲ್ಲೇ ನನ್ನನ್ನು ದುರುಗುಟ್ಟಿ ನೋಡಿದರು. ಲೈಸೆನ್ಸ್ ಹೋದರೆ ಕೆಲಸ ಹೋಯಿತು, ಕೆಲಸದೊಂದಿಗೆ ವೀಸಾ.

ಡಾಕ್ಟರಿಗೆ ತೋರಿಸದೆ ನಾವ್ಯಾರೂ ವ್ಯಾನ್ ಹತ್ತುವುದಿಲ್ಲ ಎಂದೆ. ಬೈದುಕೊಂಡೇ ಬಂದರು. ಡಾಕ್ಟರ್ ಹಳೆಯ ಫೋಟೋ ಕೇಳಿದಾಗ ಮೂರು ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರು. ಮೊದಲನೆಯದರಲ್ಲಿ ಎರಡೂ ಕಣ್ಣು ಸಮ. ಎರಡನೆಯದರಲ್ಲಿ ಎಡಗಣ್ಣು ತುಸು ಕೆಳಗೆ. ಮೂರನೆಯದರಲ್ಲಿ ಇನ್ನಷ್ಟು ಇಳಿದು, ಮುಂದಕ್ಕೆ ಉಬ್ಬಿತ್ತು.

"ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದೆ. ನರದ ಹೊದಿಕೆಯ ಗಡ್ಡೆ ಇರಬಹುದು, ಬಹುಶಃ ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರ್.

ಆ "ಬಹುಶಃ" ಹಮೀದಾಕನನ್ನು ತಿಂದುಹಾಕಿತು. ಸ್ಕ್ಯಾನ್ ಕೊಳವೆಯಿಂದ ಎರಡೇ ನಿಮಿಷಕ್ಕೆ ಹೊರಬಂದು, "ಇದರೊಳಗೆ ಮಲಗುದೂ ಗೋರಿಯಲ್ಲಿ ಮಲಗುದೂ ಒಂದೇ," ಎಂದರು. ಮರುದಿನ ಸ್ಕ್ಯಾನ್ ಮುಗಿಯುವ ತನಕ ನಾನೇ ಕೊಳವೆಯ ಹೊರಗಿದ್ದ ಅವರ ಪಾದ ಹಿಡಿದು ನಿಂತೆ. ಕಣ್ಣುಗುಡ್ಡೆಯ ಮೇಲ್ಗಡೆ ಗೇರುಬೀಜದಷ್ಟು ದೊಡ್ಡ ಗಡ್ಡೆ ಕಂಡಿತು.

"ಕಣ್ಣೇ ತೆಗೀತಾರಾ? ಸತ್ಯ ಹೇಳಿ."

"ಗಡ್ಡೆ ಮಾತ್ರ ಕಾಕ."

ಆಪರೇಷನ್ನಿನಲ್ಲಿ ಗಡ್ಡೆ ಇಡಿಯಾಗಿ ಹೊರಬಂತು. ಲ್ಯಾಬಿನ ವರದಿ ಬರುವ ತನಕ ಅವರು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಶತಪಥ ಹಾಕಿದರು. ನಾನೂ ಒಳಗೆ ಗಳಿಗೆಗೊಮ್ಮೆ ಕಂಪ್ಯೂಟರ್ ನೋಡುತ್ತಿದ್ದೆ. ಕ್ಯಾನ್ಸರ್ ಅಲ್ಲ ಎಂದು ಓಡಿಹೋಗಿ ಹೇಳಿದಾಗ ವ್ಯಾನಿನ ಬಾಗಿಲಿಗೆ ಹಣೆ ಒತ್ತಿ ಅತ್ತರು. ತಿಂಗಳೊಳಗೆ ಬೋರ್ಡು ಒಂದೇ ಕಂಡಿತು. ಕೊಯ್ದಾಗ ಹುಬ್ಬಿನ ಮೇಲೆ ಹೋದ ಸ್ಪರ್ಶ ಮಾತ್ರ ಮರಳಲಿಲ್ಲ. "ಅಲ್ಲಿ ನೊಣ ಕೂತ್ರೂ ಗೊತ್ತಾಗುದಿಲ್ಲ," ಎಂದು ನಗುತ್ತಿದ್ದರು.

ಎರಡು ವರ್ಷ ಕಳೆದು, ತಾವು ಊರಿಗೇ ಮರಳುವ ಹಿಂದಿನ ದಿನ, ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನ ಪೇಂಟರ್ ಒಬ್ಬನನ್ನು ಕೈಹಿಡಿದು ನಮ್ಮ ವಿಭಾಗಕ್ಕೆ ಕರೆತಂದರು. ಕುಂದಾಪುರದವನು, ಒಂದು ಕಣ್ಣು ಉಬ್ಬಿತ್ತು. ಕೊಯ್ಯುವ ಹೆದರಿಕೆಯಿಂದ ಅವನು ಬಾಗಿಲಲ್ಲೇ ನಿಂತುಬಿಟ್ಟ.

ಹಮೀದಾಕ ಮುಖ ಬಗ್ಗಿಸಿ ಕಣ್ಣು ಮುಚ್ಚಿದರು. "ಎಲ್ಲಿ ಕೊಯ್ದದ್ದು, ಹುಡುಕು ನೋಡುವ."

ಅವನು ಬಹಳ ಹೊತ್ತು ಹುಡುಕಿದ. ರೆಪ್ಪೆಯ ಮಡಿಕೆಯೊಳಗೆ ಅಡಗಿದ ಗೆರೆ ಅವನಿಗೆ ಕಾಣಲೇ ಇಲ್ಲ. ನಂತರ ಒಳಗೆ ಬಂದ. ನಾನು ಅವನನ್ನು ಡಾಕ್ಟರ ಮುಂದೆ ಕೂರಿಸಿ ಹೊರಬರುವಷ್ಟರಲ್ಲಿ ಹಮೀದಾಕ ಹೊರಟುಹೋಗಿದ್ದರು.