ಕುದಿಸದೆ ಬರೆದ ನಾಲ್ಕು ಸಾಲುಗಳು

೧೯೮೨ರ ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಮಂಗಳೂರಿನ ಒಂದು ಆಸ್ಪತ್ರೆ. ಇದ್ದವರು ಮಕ್ಕಳ ಡಾಕ್ಟರು, ಎಂಟು ವರ್ಷದ ನನ್ನ ಮಗಳು, ನಾನು.

ತಿಂಗಳ ಹಿಂದೆ, ಗಂಟಲು ನೋವು ವಾಸಿಯಾದ ಮೇಲೆ, ಮಗಳ ಕಾಲುಗಳಲ್ಲಿ ನೇರಳೆ ಚುಕ್ಕೆಗಳೆದ್ದು ಮಂಡಿ ಊದಿಕೊಂಡಿತ್ತು. ಡಾಕ್ಟರು ಆಗ ಹೇಳಿದ್ದರು: "ಗಂಟಲಿನ ಸೋಂಕನ್ನು ಓಡಿಸ್ಲಿಕ್ಕೆ ದೇಹವೇ ಪೊಲೀಸರನ್ನು ಕಳಿಸಿತ್ತು ಅಂತ ಇಟ್ಕೊಳ್ಳಿ. ಗಲಾಟೆ ಮುಗಿದರೂ ಅವರು ಲಾಠಿ ಬೀಸುವುದು ನಿಲ್ಲಿಸ್ಲಿಲ್ಲ. ಈಗ ಸಣ್ಣ ರಕ್ತನಾಳಗಳಿಗೇ ಪೆಟ್ಟು ಬೀಳ್ತಾ ಉಂಟು. ಚುಕ್ಕೆ ಹೋಗ್ತದೆ. ಕಿಡ್ನಿಗೆ ಬಿದ್ದರೆ ಮಾತ್ರ ಕಷ್ಟ."

ಅದಕ್ಕಾಗಿ ದಿನಾ ಬೆಳಿಗ್ಗೆ ಅವಳ ಮೂತ್ರವನ್ನು ಗಾಜಿನ ನಳಿಕೆಗೆ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿಸಿ, ವಿನೆಗರ್ ಹನಿ ಬಿಟ್ಟು ನೋಡಬೇಕಿತ್ತು. ತಿಳಿಯಾಗಿದ್ದರೆ ಕ್ಷೇಮ. ಬೆಳ್ಳಗೆ ಕದಡಿದರೆ ಕಿಡ್ನಿ ಸೋರುತ್ತಿದೆ ಎಂದರ್ಥ. ಆರು ಗಂಟೆಗೆ ಸರಿಯಾಗಿ ಕುದಿಸಿ, ಗೆರೆ ಎಳೆದ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಗುರುವಾರ ಸ್ಪಿರಿಟ್ ಮುಗಿಯಿತು. ಅದು ಸಿಗುವುದು ಹಂಪನಕಟ್ಟೆಯ ಪೇಟೆಯಲ್ಲಿ; ಪೇಟೆಯ ಕೆಲಸಗಳೆಲ್ಲ ಸೋಮವಾರಕ್ಕೆ ಎಂಬುದು ನನ್ನ ಕ್ರಮ. ಮೂತ್ರದ ನಳಿಕೆಯನ್ನು ಅಡುಗೆಯ ಒಲೆಯ ಹತ್ತಿರ ತರಕೂಡದೆಂದು ನಿಯಮ ಮಾಡಿದವನೂ ನಾನೇ. ಆದರೆ ಖಾಲಿ ಸಾಲು ನೋಡಲಾಗಲಿಲ್ಲ. ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನವೂ "ತಿಳಿ" ಎಂದು ಬರೆದೆ.

ಡಾಕ್ಟರು ಪುಟ ತಿರುವಿದರು. "ಒಂದು ದಿನವೂ ಬಿಟ್ಟಿಲ್ಲ! ನಮ್ಮ ಸಿಸ್ಟರ್‌ಗಳಿಗೆ ತೋರಿಸ್ಬೇಕು ಇದನ್ನು. ಇನ್ನು ಶಾಲೆಗೆ ಕಳಿಸಿ, ಓಡಿ ಆಡ್ಲಿ. ತಿಂಗಳು ಬಿಟ್ಟು ಬನ್ನಿ."

ನಾನು ಬೀಗಿದೆ. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

"ಪಪ್ಪಾ, ಸ್ಪಿರಿಟ್ ಮುಗಿದಿತ್ತಲ್ಲ? ನೀವು ಕುದಿಸ್ಲೇ ಇಲ್ಲ," ಎಂದಳು ಮಗಳು.

"ಸುಮ್ಮನಿರು. ನೀನು ಮಲಗಿದ್ದಾಗ ಮಾಡಿದ್ದು."

"ಮೂತ್ರದ ಬಾಟ್ಲಿ ತುಂಬಿ ಹಾಗೇ ಇತ್ತು. ಅಮ್ಮ ಚೆಲ್ಲಿದ್ದು."

"ಇವಳಿಗೆ ಎಲ್ಲದಕ್ಕೂ ಒಂದು ಮಾತು," ಎಂದು ನಕ್ಕೆ. ಅವಳು ತಲೆ ತಗ್ಗಿಸಿದಳು.

ಡಾಕ್ಟರು ನಗಲಿಲ್ಲ. "ಎಂತ ಮಾರಾಯ್ರೆ, ಯಾರದ್ದು ಸರಿ?"

"ಅವಳದ್ದು," ಎಂದೆ, ಮೇಜಿನ ಕಡೆ ನೋಡುತ್ತ.

ಅವರು ಆಗಲೇ ಅವಳ ಮೂತ್ರ ತರಿಸಿ ತಾವೇ ಕುದಿಸಿದರು. ನಳಿಕೆಯ ಮೇಲ್ಭಾಗ ಗಂಜಿತಿಳಿಯ ಹಾಗೆ ಬೆಳ್ಳಗಾಯಿತು. ವಿನೆಗರ್ ಹಾಕಿದರೂ ಹೋಗಲಿಲ್ಲ.

"ಶಾಲೆ ಬೇಡ. ನಾಳೆ ರಕ್ತಪರೀಕ್ಷೆ. ಇದು ನಾಲ್ಕು ದಿನದಿಂದ ಉಂಟೋ, ಇವತ್ತು ಶುರುವಾದದ್ದೋ, ಇನ್ನು ಹೇಳ್ಲಿಕ್ಕೆ ಆಗುವುದಿಲ್ಲ."

ಮುಂದೆ ಆರು ತಿಂಗಳಲ್ಲಿ ಅವಳ ಕಿಡ್ನಿ ಸರಿಹೋಯಿತು. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಅಂದು ಸ್ಪಿರಿಟ್ ಕೊಂಡು ಜೆಪ್ಪುವಿನಲ್ಲಿದ್ದ ನಮ್ಮ ಮನೆಗೆ ಬಂದು, ಮಗಳೆದುರೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಮಗುವನ್ನು ಸುಳ್ಳುಗಾತಿ ಮಾಡಿದ್ದನ್ನೂ.

"ನಾಳೆಯಿಂದ ನಾನು ಕುದಿಸ್ತೇನೆ. ಆ ಹೊತ್ತಿಗೆ ನನ್ನ ಬದಲು ನೀವು ಹಾಲು ತನ್ನಿ," ಎಂದಳು ಹೆಂಡತಿ.

ನಳಿಕೆಗೆ ನೀರು ತುಂಬಿ, ಓರೆಯಾಗಿ ಹಿಡಿದು ಮೇಲ್ಭಾಗವನ್ನಷ್ಟೇ ಕಾಯಿಸುವುದು ಹೇಗೆಂದು ಎರಡು ಸಲ ತೋರಿಸಿದೆ. ಮೂರನೆಯ ಸಲ ಅವಳೇ ಮಾಡಿದಳು.