ಅತ್ತೆ ವಾಪಸ್ ಕೊಟ್ಟ ಮಡಿಲಕ್ಕಿ

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅವಳ ಎರಡು ಕೈಗೂ ಮೊಣಕೈ ಹತ್ತಿರದವರೆಗೆ ಹಸಿರು ಗಾಜಿನ ಬಳೆ. ರಾಗಿ ಬೀಸಿ ಬೀಸಿ ಗಡುಸಾದ ಕೈ. ಬಳೆಗಾರ ಎಣ್ಣೆ ಸವರಿ, ಹಿಂಡಿ ಹಿಂಡಿ ತೊಡಿಸುವಾಗ ನೋಡುತ್ತಿದ್ದ ನಮ್ಮ ಕಣ್ಣಲ್ಲಿ ನೀರು ಬರುತ್ತಿತ್ತು, ಅವಳು ಮಾತ್ರ ನಗುತ್ತಿದ್ದಳು. ಕೈ ಮೇಲೆತ್ತಿದರೆ ಅಷ್ಟೂ ಬಳೆ ಝಲ್ಲೆಂದು ಕೆಳಕ್ಕೆ ಜಾರುತ್ತಿದ್ದವು. ಅವಳು ಮೆಂಬರಾಗಿದ್ದ ತಾಲ್ಲೂಕು ಬೋರ್ಡಿನ ಗುಮಾಸ್ತರಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ತಲೆ ಎತ್ತದೆಯೇ, ‘ಅಮ್ಮನೋರೂ ಒಪ್ಪಿದ್ರು’ ಎಂದು ಬರೆದುಕೊಳ್ಳುತ್ತಿದ್ದರು.

ನಮ್ಮ ಕಡೆಯ ಬೋರ್ಡಿನಲ್ಲಿ ಹೆಂಗಸರಿಗೂ ಜಾಗ ಕೊಡಬೇಕೆಂಬ ಕಾನೂನು ಬಂದ ಹೊಸದು. ಅಧ್ಯಕ್ಷರು ನಮ್ಮ ಮಾವನ ಸ್ನೇಹಿತರು. ‘ನಿಮ್ಮನೆಯೋರ ಹೆಸರು ಹಾಕ್ಕೊಳ್ಳಾ?’ ಎಂದು ಕೇಳಿದರಂತೆ. ಮಾವ ಎಲೆ ಅಡಿಕೆ ಮೆಲ್ಲುತ್ತಲೇ, ‘ಹಾಕ್ಕೊಳಪ್ಪ’ ಅಂದರಂತೆ. ಅತ್ತೆಗೆ ವಿಷಯ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ಹುಲಿಯೂರುದುರ್ಗದ ಆಚೆ, ಸರ್ಕಾರಿ ಕಾಡಿನ ಅಂಚಿನಲ್ಲಿದ್ದ ಅವಳ ಊರಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಸಭೆ ಮುಗಿಸಿ ಕುಣಿಗಲ್ಲಿನ ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದಳು. ನಾನಾಗ ಅಲ್ಲೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ‘ಮೇಷ್ಟ್ರಮ್ಮಾ’ ಎಂದು ರೇಗಿಸುತ್ತಿದ್ದಳು.

‘ಇವತ್ತು ಏನಕ್ಕೆ ಕೈ ಎತ್ತಿದ್ರಿ ಅತ್ತೆ?’ ಎಂದರೆ, ‘ಯಾವನಿಗೊತ್ತು? ಎಲ್ರೂ ಎತ್ತುದ್ರು, ನಾನೂ ಎತ್ತಿದೆ’ ಎನ್ನುವಳು. ಒಂದೇ ಒಂದು ಸಲ ಅವಳೇ ಬಾಯಿಬಿಟ್ಟು ಕೇಳಿದ್ದು, ಊರಿಗೆ ಒಂದು ಬಾವಿ. ಅವಳೂರಿನ ಹೆಂಗಸರು ಕಾಡಿನಿಂದ ಇಳಿದು ಬರುವ ಹಳ್ಳದಿಂದಲೇ ನೀರು ಹೊರಬೇಕಿತ್ತು. ಬೋರ್ಡು ಒಪ್ಪಿ ದುಡ್ಡು ತೆಗೆದಿಟ್ಟಿತು. ಆ ದಿನ ಅತ್ತೆ ನಮ್ಮ ಮನೆಗೆ ಮೈಸೂರು ಪಾಕಿನ ಪೊಟ್ಟಣ ಹಿಡಿದುಕೊಂಡೇ ಬಂದಳು.

ಅಷ್ಟರಲ್ಲಿ ಗಣಿ ಬಂತು. ಕಾಡಿಗೆ ತಾಗಿದ ಗುಡ್ಡದಲ್ಲಿ ಬಿಳಿಕಲ್ಲು ಇದೆಯೆಂದು ತುಮಕೂರಿನ ಸಾಹುಕಾರರೊಬ್ಬರು ಪರವಾನಗಿ ತಂದರು. ಗೌರಿ ಹಬ್ಬಕ್ಕೆ ಮುಂಚೆ ಅವರ ಹೆಂಡತಿ ಕಾರಿನಲ್ಲಿ ಅತ್ತೆಯ ಮನೆಗೆ ಬಂದರು. ನಮ್ಮಪ್ಪ ತೀರಿಕೊಂಡ ಮೇಲೆ ಅತ್ತೆಗೆ ತೌರಿನ ಮಡಿಲಕ್ಕಿ ನಿಂತುಹೋಗಿತ್ತು. ಗಂಡ ಸತ್ತ ಅಮ್ಮ ಮಡಿಲು ತುಂಬುವಂತಿರಲಿಲ್ಲ, ನನಗಿನ್ನೂ ಮದುವೆಯಾಗಿರಲಿಲ್ಲ. ಅದನ್ನೆಲ್ಲ ವಿಚಾರಿಸಿಕೊಂಡೇ ಬಂದಿದ್ದರು ಆಯಮ್ಮ. ‘ನಾನೇ ನಿಮ್ಮ ತಂಗಿ ಅನ್ಕೊಳಿ ಅಕ್ಕ’ ಎಂದು ಅಕ್ಕಿ, ಕಾಯಿ, ಬೆಲ್ಲದಚ್ಚು, ರವಿಕೆ ಕಣ ಇಟ್ಟು ಮಡಿಲು ತುಂಬಿದರು. ಅತ್ತೆ ಅತ್ತುಬಿಟ್ಟಳು. ಆ ಅಕ್ಕಿಯಲ್ಲಿ ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಮಡಿಲು ತುಂಬಿದ ಮನೆಗೆ ಕೇಡು ಬಯಸಬಾರದು ಎಂಬುದು ನಮ್ಮ ಕಡೆ ಹಾಲುಗೂಸಿಗೂ ಗೊತ್ತು. ಸಾಹುಕಾರರಿಗೂ ಗೊತ್ತಿತ್ತು.

ಹಬ್ಬ ಕಳೆದ ಮೇಲೆ ಅಧ್ಯಕ್ಷರೇ ಅತ್ತೆಯ ಮನೆಗೆ ಬಂದು ಹೇಳಿದರು. ಗಣಿಗೆ ಲಾರಿ ಹೋಗಲು ರಸ್ತೆ ಬೇಕು, ಊರು ಉದ್ಧಾರ ಆಗುತ್ತೆ, ಬಾವಿಯ ದುಡ್ಡನ್ನು ಈ ವರ್ಷ ರಸ್ತೆಗೆ ಹಾಕೋಣ. ಅತ್ತೆ ಕೇಳಿದ್ದು ಒಂದೇ ಮಾತು: ‘ರಸ್ತೆ ಹಳ್ಳ ದಾಟ್ತದಾ?’ ದಾಟುತ್ತಿತ್ತು. ಗಣಿಯ ಮಣ್ಣೂ ಹಳ್ಳಕ್ಕೇ ಬೀಳುತ್ತಿತ್ತು. ಬಾವಿಯೂ ಇಲ್ಲ, ಹಳ್ಳವೂ ಇಲ್ಲ.

ಆಮೇಲೆ ಅತ್ತೆ ಒಬ್ಬೊಬ್ಬ ಮೆಂಬರ್ ಮನೆಗೂ ಹೋದಳು, ಜೊತೆಗೆ ನಾನೂ ಹೋದೆ. ಎಲ್ಲ ಮನೆಯಲ್ಲೂ ಕಾಫಿ ಸಿಕ್ಕಿತು, ಮಾತು ಸಿಗಲಿಲ್ಲ. ಒಬ್ಬರು ನಗುತ್ತಾ, ‘ಮಡಿಲು ತುಂಬಿಸ್ಕೊಂಡೋರು ನೀವು, ಈಗ ಹಿಂಗಂದ್ರೆ ಹೆಂಗಮ್ಮ?’ ಎಂದರು. ಅತ್ತೆಯ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಮನೆಯಲ್ಲಿ ಮಾವನೂ ಅದನ್ನೇ ಅಂದಿದ್ದರು.

ಸಭೆಯ ದಿನ ಬೆಳಗ್ಗೆಯೇ ನಮ್ಮ ಮನೆಗೆ ಬಂದವಳು ಅಡಿಗೆಮನೆಗೆ ಹೋಗಿ ಮೊರ ತೆಗೆದುಕೊಂಡಳು. ತನ್ನ ಸೆರಗಿನ ಗಂಟು ಬಿಚ್ಚಿ, ಉಂಡದ್ದರ ಬದಲಿಗೆ ಬೇರೆ ಅಕ್ಕಿ ಸುರಿದಳು. ಕಾಯಿ ಇಟ್ಟಳು, ಬೆಲ್ಲದಚ್ಚು ಇಟ್ಟಳು, ಹೊಲಿಸದೆ ಉಳಿದಿದ್ದ ಅದೇ ರವಿಕೆ ಕಣ ಇಟ್ಟಳು. ಅಮ್ಮನಿಗೆ ಅರ್ಥವಾಯಿತು. ಅತ್ತೆಯ ಕೈ ಹಿಡಿದುಕೊಂಡು ಅತ್ತಳು.

‘ಬ್ಯಾಡಿ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಮುತ್ತೈದೆ ಮಡಿಲಕ್ಕಿ ವಾಪಸ್ ಕೊಡಬಾರ್ದು. ಕುಂಕುಮಕ್ಕೆ ಒಳ್ಳೇದಲ್ಲ.’

‘ಇನ್ನೇನ್ ಮಾಡ್ಲಿ ಹೇಳು. ಉಂಡಿರೋ ಅಕ್ಕಿ ಗಂಟಲಲ್ಲಿ ಕೂತದೆ. ಇದನ್ನ ಕೊಡ್ದೆ ಬಾಯಿ ತೆಗ್ಯಕ್ಕೆ ಆಗಕಿಲ್ಲ ನಂಗೆ.’

ನಾನು ಬೋರ್ಡಿನ ಕಿಟಕಿಯ ಹೊರಗೆ ನಿಂತಿದ್ದೆ. ಸಾಹುಕಾರರು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿದ್ದರು. ‘ಒಪ್ಪೋರು ಕೈ ಎತ್ತಿ’ ಎಂದಾಗ ಎಲ್ಲ ಕೈಗಳೂ ಎದ್ದವು. ಅತ್ತೆಯ ಬಳೆಯ ಸದ್ದು ಮಾತ್ರ ಬರಲಿಲ್ಲ. ಗುಮಾಸ್ತರು ಮೊದಲ ಸಲ ತಲೆ ಎತ್ತಿ ನೋಡಿದರು.

ಅತ್ತೆ ಎದ್ದು ಹೋಗಿ ಮೊರವನ್ನು ಸಾಹುಕಾರರ ಮುಂದಿಟ್ಟಳು. ‘ನಿಮ್ಮನೆಯೋರು ತುಂಬಿದ್ದು. ವಾಪಸ್ ತಗಳಿ’ ಎಂದಳು. ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಅತ್ತೆ ಅಧ್ಯಕ್ಷರ ಕಡೆ ತಿರುಗಿದಳು.

‘ಆ ಕಾಡಲ್ಲಿ ಒಣಕಡ್ಡಿ ಮುರುದ್ರೆ ಗಾರ್ಡು ನಮ್ ಕುಡುಗೋಲು ಕಿತ್ಕೊಂಡೋಯ್ತಾನೆ. ಸರ್ಕಾರದ ಕಾಡು, ಮುಟ್ಬಾರ್ದು ಅಂತಾನೆ. ಆಯ್ತು, ಮುಟ್ಟಲ್ಲ. ಅದರ ಮಗ್ಗುಲಲ್ಲೇ ಮದ್ದಿಟ್ಟು ಸಿಡ್ಸೋರಿಗೆ ನಮ್ ಬಾವಿ ದುಡ್ಡಲ್ಲೇ ದಾರಿ ಮಾಡ್ಕೊಡ್ಬೇಕಾ? ನನ್ ಕೈ ಏಳಕಿಲ್ಲ ಸ್ವಾಮಿ. ನಿಮ್ ಕೈಗಳನ್ನೂ ಇಳ್ಸಿ, ಕೈ ಮುಗೀತೀನಿ.’

ಒಂದೂ ಇಳಿಯಲಿಲ್ಲ. ಇನ್ನೊಬ್ಬ ಹೆಣ್ಣು ಮೆಂಬರು ಅಳುತ್ತಿದ್ದರು, ಕೈ ಮಾತ್ರ ಮೇಲೇ ಇತ್ತು. ಅಧ್ಯಕ್ಷರು ಕೆಮ್ಮಿ, ‘ಅಮ್ಮನೋರೊಬ್ರು ಒಪ್ಪಿಲ್ಲ ಅಂತ ಬರ್ಕೊಳ್ರಿ’ ಎಂದರು.

ರಸ್ತೆಯಾಯಿತು. ಗುಡ್ಡದಲ್ಲಿ ಸಿಡಿಮದ್ದು ಸಿಡಿದಾಗ ಅತ್ತೆಯ ಅಟ್ಟದ ಪಾತ್ರೆಗಳು ಅದುರುತ್ತಿದ್ದವು. ಕಾಡಿನ ನವಿಲುಗಳು ಊರೊಳಗೆ ನುಗ್ಗಿ ಸೂರುಗಳ ಮೇಲೆ ಕೂತು ಕೂಗುತ್ತಿದ್ದವು. ಹಳ್ಳದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಹೆಂಗಸರು ಅದನ್ನೇ ಬಟ್ಟೆಯಲ್ಲಿ ಸೋಸಿಕೊಂಡು ಹೊರುತ್ತಿದ್ದರು.

ಮಾರನೇ ವರ್ಷ ಮಾವ ಎದೆನೋವೆಂದು ಮಲಗಿದವರು ಏಳಲಿಲ್ಲ. ಊರಿಗೆ ಅಷ್ಟು ಸಾಕಾಯಿತು. ‘ಮಡಿಲಕ್ಕಿ ವಾಪಸ್ ಕೊಟ್ಟು ಗಂಡನ್ನ ತಿಂದ್ಕೊಂಡ್ಲು’ ಎಂದರು. ಅಂದವರು ಸಾಹುಕಾರರ ಕಡೆಯವರಲ್ಲ, ಅದೇ ಹಳ್ಳದಿಂದ ನೀರು ಹೊರುತ್ತಿದ್ದ ಹೆಂಗಸರು. ಅವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಅತ್ತೆ ಅವರನ್ನು ಬಯ್ಯಲಿಲ್ಲ. ನನ್ನೊಬ್ಬಳನ್ನೇ ಕೇಳಿದಳು: ‘ನಾನೇ ಕೊಂದ್ನೇನೇ ಅವರ್ನ?’ ‘ಇಲ್ಲ ಅತ್ತೆ’ ಎಂದೆ. ಅವಳು ನಂಬಿದಳೋ ಇಲ್ಲವೋ, ಬರಿಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಆದರೂ ಅವಳು ಮತ್ತೆ ಸಭೆಗೆ ಹೋದಳು. ಆ ಸಲ ಗಣಿ ರಸ್ತೆಗೆ ಸೇತುವೆ ಕಟ್ಟಲು ದುಡ್ಡು ಕೇಳಿದ್ದರು. ‘ಬೇಡ ಅನ್ನೋರು?’ ಎಂದಾಗ ಅತ್ತೆ ಕೈ ಎತ್ತಿದಳು. ಸದ್ದಾಗಲಿಲ್ಲ. ಗುಮಾಸ್ತರು ತಲೆ ತಗ್ಗಿಸಿಕೊಂಡೇ ಎಲ್ಲರೂ ಒಪ್ಪಿದರೆಂದು ಬರೆಯತೊಡಗಿದರು. ‘ಗುಮಾಸ್ತರೇ, ತಲೆ ಎತ್ತಿ’ ಎಂದಳು ಅತ್ತೆ. ‘ಬಳೆ ಹೋದ್ವು. ಕೈ ಇನ್ನೂ ಐತೆ.’

ಸೇತುವೆಯೂ ಆಯಿತು. ಮುಂದಿನ ಸಲ ಅವಳ ಹೆಸರನ್ನು ಯಾರೂ ಹಾಕಿಕೊಳ್ಳಲಿಲ್ಲ.

ಸ್ಕೂಲಿನ ಸಭೆಗಳಲ್ಲಿ ಎಲ್ಲರ ಜೊತೆ ಸುಮ್ಮನೆ ಕೈ ಎತ್ತುವುದು ನನ್ನಿಂದ ಆಗುತ್ತಿರಲಿಲ್ಲ. ಏನು, ಯಾಕೆ, ಯಾರ ದುಡ್ಡು ಎಂದು ಕೇಳುತ್ತಿದ್ದೆ. ಎಲ್ಲದಕ್ಕೂ ಕೊಂಕು ತೆಗೆಯುವವಳು, ಕೊಂಕಿ, ಎಂದು ಹೆಸರಾಯಿತು. ಆ ಹೆಸರನ್ನು ಅತ್ತೆ ನನಗೆ ತುಂಬಿದ ಮಡಿಲಕ್ಕಿ ಎಂದೇ ಇಟ್ಟುಕೊಂಡಿದ್ದೇನೆ.

ಅವಳು ಹಾಸಿಗೆ ಹಿಡಿದಾಗ ಪ್ರತಿ ಭಾನುವಾರ ಕುಣಿಗಲ್ಲಿನಿಂದ ತಗಡಿನ ಡಬ್ಬದಲ್ಲಿ ಕುಡಿಯುವ ನೀರು ತುಂಬಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಕೊನೆಯ ದಿನ ಚಮಚದಲ್ಲಿ ನೀರು ಬಿಟ್ಟಾಗ ಕಣ್ಣು ತೆರೆದಳು.

‘ಎಲ್ಲೀದೇ ನೀರು?’

‘ನಮ್ ಹಳ್ಳದ್ದೇ ಅತ್ತೆ. ತಿಳಿಯಾಗದೆ ನೋಡಿ.’

ಅತ್ತೆ ನನ್ನನ್ನೇ ನೋಡಿದಳು. ‘ಸುಳ್ಳಿ’ ಎಂದಳು. ಆಮೇಲೆ ನೀರು ಕುಡಿದಳು.