ಬೀಗಿತ್ತಿಯಾಗಬೇಕಿದ್ದವಳು

ಚಾಯ್‌ಫೆಂಗ್ ಊರು ನೋಡಲು ಬಂದವಳಲ್ಲ ಎಂಬುದು ನನಗೆ ಗೊತ್ತಾಗಿದ್ದು ಶಾಂಘೈಗೆ ಬಂದ ಮೇಲೆ. ನಮ್ಮೂರು ಬಾವ್‌ಜಿಯ ಹತ್ತಿ ಗಿರಣಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮಗ್ಗದವರು. ನಿವೃತ್ತರಾದ ಹೆಂಗಸರೆಲ್ಲ ಸೇರಿ ದೇಶ ಸುತ್ತೋಣ ಎಂದು ಎಲ್ಲರನ್ನೂ ಹೊರಡಿಸಿದವಳು ಅವಳೇ. ಕುನ್‌ಮಿಂಗ್ ಆಯಿತು, ಗ್ವಿಲಿನ್‌ನಲ್ಲಿ ದೋಣಿ ಆಯಿತು, ಗ್ವಾಂಗ್‌ಝೌನಲ್ಲಿ ಬೆಳಗಿನ ಚಹಾ ಆಯಿತು. ನಾವು ಕಂಡಕಂಡಲ್ಲಿ ರೇಷ್ಮೆ ಸ್ಕಾರ್ಫು ಹಾರಿಸಿ ಫೋಟೋ ತೆಗೆಸಿಕೊಂಡರೆ ಈ ಮಾರಾಯ್ತಿ ಬೆಂಚಿನ ಮೇಲೆ ಕೂತು ಊಟಕ್ಕೆ ನಂಚಿಕೊಳ್ಳಲು ಹಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕರೆದರೆ, "ಕೊನೇ ಊರಲ್ಲಿ ತೆಗೆಸ್ಕೋತೀನಿ ಬಿಡಕ್ಕ," ಅನ್ನುವಳು.

ಶಾಂಘೈಯಲ್ಲಿ ಇಳಿಯುವಷ್ಟರಲ್ಲಿ ನಮ್ಮ ಕಾಲುಗಳು ಬಿದ್ದುಹೋಗಿದ್ದವು. ಆದರೂ ಮಿಕ್ಕವರು ನದಿ ದಂಡೆಯ ಹಳೇ ಕಟ್ಟಡಗಳನ್ನೂ ಆಚೆ ದಡದ ಗಾಜಿನ ಗೋಪುರಗಳನ್ನೂ ನೋಡಲು ಓಡಿದರು. ಚಾಯ್‌ಫೆಂಗ್ ನನ್ನ ರಟ್ಟೆ ಹಿಡಿದು ಎಳೆದಳು. "ನೀನು ನನ್ನ ಜೊತೆ ಪಾರ್ಕಿಗೆ ಬಾ. ಆ ಗು ಅಲ್ಲಿ ಮಗನಿಗೆ ಹೆಣ್ಣು ಹುಡುಕ್ತಾ ಕೂತಿದ್ದಾಳೆ. ಯಾರೋ ಫೋನಲ್ಲಿ ವಿಡಿಯೋ ಹಾಕಿದ್ರು, ನೋಡಿದ ತಕ್ಷಣ ಗುರುತು ಸಿಕ್ತು."

ಗು ಯಾರೆಂದು ನನಗೆ ಹೇಳಬೇಕಾಗಿರಲಿಲ್ಲ. ಗಂಡ ಸತ್ತ ಮೇಲೆ ಚಾಯ್‌ಫೆಂಗ್ ಎರಡೆರಡು ಪಾಳಿ ಮಾಡಿ ಸಾಕಿದ ಒಬ್ಬಳೇ ಮಗಳು ಯಾನ್ನಿ. ವರ್ಷಗಳ ಹಿಂದೆ ಶಾಂಘೈಯಲ್ಲಿ ಓದುವಾಗ ಆ ಗು ಎಂಬಾಕೆಯ ಮಗ ಕಾಯ್‌ವೆನ್‌ನನ್ನು ಮೆಚ್ಚಿದಳು. ಹಿರಿಯರು ಮಾತಾಡೋಣ ಎಂದು ಹುಡುಗನ ಕಡೆಯವರು ಶಾಂಘೈಯ ಹೋಟೆಲಿನಲ್ಲಿ ಊಟಕ್ಕೆ ಕರೆದರು. ನಮ್ಮ ಕಡೆ ಶುಭಕಾರ್ಯಕ್ಕೆ ಹಿಟ್ಟಿನ ಹುಲಿ ಮಾಡಿ, ಹಬೆಯಲ್ಲಿ ಬೇಯಿಸಿ, ಬಣ್ಣ ಹಾಕಿ ಒಯ್ಯುತ್ತೇವೆ. ಚಾಯ್‌ಫೆಂಗ್ ಒಂದು ಜೋಡಿ ಹುಲಿ ಮಾಡಿ, ಮೀಸೆ ಮುರಿಯಬಾರದೆಂದು ಬುಟ್ಟಿಯನ್ನು ರೈಲಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಹೋಗಿದ್ದಳು.

ಗು ಒಂದು ಹುಲಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದನ್ನ ತಿನ್ನೋದೋ, ಮಕ್ಕಳ ಕೈಗೆ ಕೊಡೋದೋ?" ಎಂದು ನಕ್ಕಳಂತೆ. ಚಾಯ್‌ಫೆಂಗ್ ಬಾಯಿಂದ ಬೆಳ್ಳುಳ್ಳಿ ವಾಸನೆ ಎಂದು ಕಿಟಕಿ ತೆಗೆಸಿದಳಂತೆ. ಊಟ ಮುಗಿಯುವ ಮೊದಲೇ, "ಶಾಂಘೈ ಬಿಟ್ಟು ಹೊರಗಿನವರು ನಮ್ಮನೆಗೆ ಹೊಂದಲ್ಲ," ಎಂದು ಎದ್ದುಹೋದಳಂತೆ. ಮಗರಾಯ ತಲೆ ತಗ್ಗಿಸಿಕೊಂಡು ಅಮ್ಮನ ಹಿಂದೆ ಹೋದ. ಬುಟ್ಟಿ ಕುರ್ಚಿಯ ಕೆಳಗೇ ಉಳಿಯಿತು. ಚಾಯ್‌ಫೆಂಗ್ ಅದನ್ನು ಹೊತ್ತು ವಾಪಸು ಬಂದಳು. ಅವತ್ತಿನಿಂದ ಅವಳ ಹೊಟ್ಟೆಯ ಬೆಂಕಿ ಆರಿಲ್ಲ. ನನ್ನದೂ ಆರಿರಲಿಲ್ಲ, ಸುಳ್ಳೇಕೆ ಹೇಳಲಿ?

ಪಾರ್ಕಿನಲ್ಲಿ ಸಾಲುಸಾಲು ಛತ್ರಿಗಳು ನೆಲದ ಮೇಲೆ ಬಿಚ್ಚಿಕೊಂಡಿದ್ದವು. ಒಂದೊಂದರ ಮೇಲೂ ಮಗನದೋ ಮಗಳದೋ ವಯಸ್ಸು, ಎತ್ತರ, ಕೆಲಸ ಬರೆದ ಕಾಗದ. ಹಿಂದೆ ಸ್ಟೂಲಿನ ಮೇಲೆ ಬೀಸಣಿಗೆ ಹಿಡಿದ ಅಪ್ಪನೋ ಅಮ್ಮನೋ. ಚಾಯ್‌ಫೆಂಗ್ ನನ್ನ ಮುತ್ತಿನ ಸರ ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿ, ನೀಲಿ ಛತ್ರಿಯೊಂದರ ಮುಂದೆ ನಿಂತಳು.

"ನನ್ನ ಮಗಳು ಹಾಂಗ್‌ಝೌನಲ್ಲಿ ಹಲ್ಲಿನ ಡಾಕ್ಟರು. ಸ್ವಂತ ಮನೆ ಇದೆ," ಎಂದಳು. ಅದೇನೂ ಸುಳ್ಳಲ್ಲ.

ಗು ಚಂಗನೆ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ತನ್ನ ಫ್ಲಾಸ್ಕಿನಿಂದಲೇ ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟಳು. "ಕೂತ್ಕೊಳ್ಳಿ, ಬಿಸಿಲು. ನಮ್ಮ ಹುಡುಗ ಬಂಗಾರ ಕಣ್ರೀ."

"ಬಂಗಾರ ಯಾಕೆ ಇನ್ನೂ ಅಂಗಡೀಲೇ ಉಳಿದಿದೆ?"

ಗುವಿನ ಮುಖ ಸಣ್ಣದಾಯಿತು. "ಹಿಂದೆ ಒಬ್ಬಳಿದ್ಲು, ಹೊರಗಿನ ಹುಡುಗಿ. ನಾನೇ ತಪ್ಪಿಸಿದೆ. ಆಮೇಲೆ ಯಾರನ್ನ ತೋರಿಸಿದ್ರೂ ಒಲ್ಲೆ ಅಂತಾನೆ. ನನ್ನ ಹತ್ರ ಸರಿಯಾಗಿ ಮಾತೂ ಆಡಲ್ಲ."

ಚಾಯ್‌ಫೆಂಗ್ ನಿಧಾನವಾಗಿ ಚಹಾ ಕುಡಿದು ಮುಗಿಸಿದಳು. ಕೈಚೀಲದಿಂದ ಬೆಳ್ಳುಳ್ಳಿ ಎಸಳೊಂದನ್ನು ತೆಗೆದು ಕಟಂ ಎಂದು ಕಡಿದಳು. ಕನ್ನಡಕ ತೆಗೆದು ಗುವಿನ ಮುಖದ ಹತ್ತಿರಕ್ಕೇ ಬಗ್ಗಿ, "ಇಲ್ಲಿ ಕಿಟಕಿ ಇಲ್ವಲ್ಲ, ಈಗೇನ್ಮಾಡ್ತೀರಿ?" ಎಂದಳು.

ಗುರುತು ಹತ್ತಿದ್ದೇ ಗು ಬಿಳಿಚಿಕೊಂಡಳು. ಆದರೆ ಸಿಟ್ಟಾಗಲಿಲ್ಲ, ಚಾಯ್‌ಫೆಂಗ್‌ಳ ತೋಳು ಹಿಡಿದುಕೊಂಡಳು. "ಯಾನ್ನಿ ಅಮ್ಮ, ನೀವಾ? ಅವಳಿಗೂ ಮದುವೆ ಆಗಿಲ್ವಾ? ತಪ್ಪಾಯ್ತು ತಾಯಿ. ನಂಬರ್ ಕೊಡಿ ಸಾಕು, ಇವತ್ತೇ ಅವನು ಹಾಂಗ್‌ಝೌಗೆ ಓಡ್ತಾನೆ."

"ಹೊರಗಿನವರು ನಿಮಗೆ ಹೊಂದಲ್ಲ," ಎಂದು ಚಾಯ್‌ಫೆಂಗ್ ತೋಳು ಕೊಡವಿಕೊಂಡಳು. ಆಮೇಲೆ ಶುರುವಾಯಿತು ನೋಡಿ. ಮಗ್ಗದ ಸದ್ದನ್ನೂ ಮೀರಿಸಿ ಮಾತಾಡಿ ಅಭ್ಯಾಸವಾದ ಗಂಟಲು ಅದು. ಹಿಟ್ಟಿನ ಹುಲಿ, ಕಿಟಕಿ, ಕುರ್ಚಿಯ ಕೆಳಗಿನ ಬುಟ್ಟಿ, ಒಂದನ್ನೂ ಬಿಡದೆ ಇಡೀ ಸಾಲಿಗೆ ಕೇಳುವಂತೆ ಹೇಳಿದಳು. "ಈಕೆ ಮನೆಗೆ ಹೆಣ್ಣು ಕೊಡೋರು ಮೊದ್ಲು ನನ್ನ ಕೇಳ್ರಪ್ಪ," ಎಂದು ಮುಗಿಸಿದಳು. ಪಕ್ಕದ ಛತ್ರಿಯ ಮುದುಕ ತನ್ನ ಸ್ಟೂಲನ್ನು ಅತ್ತ ಸರಿಸಿಕೊಂಡ. ಗು ಛತ್ರಿ ಮಡಚಿ ಅಳುತ್ತಾ ಹೊರಟಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಚಪ್ಪಾಳೆ ಹೊಡೆಯುವುದೊಂದು ಬಾಕಿ.

ಸಂಜೆ ನದಿ ದಂಡೆಯಲ್ಲಿ ಚಾಯ್‌ಫೆಂಗ್ ಕೆಂಪು ಸ್ಕಾರ್ಫು ಹಾರಿಸಿ ಮನಸಾರೆ ಫೋಟೋ ತೆಗೆಸಿಕೊಂಡಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮಗಳಿಗೆ ಫೋನು ಮಾಡಿದಳು.

"ಯಾರು ಸಿಕ್ಕಿದ್ಲು ಹೇಳು? ಆ ಗು. ಚೆನ್ನಾಗಿ ಉಗಿದು ಉಪ್ಪಿನಕಾಯಿ ಹಾಕಿದೆ ಕಣೇ."

ಆಚೆಯಿಂದ ಯಾನ್ನಿ ಮೆಲ್ಲಗೆ ಕೇಳಿದಳು, "ಅವನು ಹೇಗಿದ್ದಾನಂತಮ್ಮ?"

ಹುಡುಗಿ ಇಷ್ಟು ವರ್ಷ ಯಾರನ್ನೂ ಒಪ್ಪದೆ ಕೂತಿದ್ದು ಏಕೆಂದು ಆ ದನಿ ಕೇಳಿ ನನಗೆ ತಿಳಿಯಿತು. ಚಾಯ್‌ಫೆಂಗ್‌ಗೂ ತಿಳಿಯಿತು, ಅವಳು ನನ್ನ ಮುಖ ನೋಡಿದಳು. ಇದ್ದದ್ದು ಇದ್ದಹಾಗೆ ಹೇಳೇ ಎಂದು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈ ತೆಗೆದು ಪಕ್ಕಕ್ಕಿಟ್ಟಳು.

"ಅವನಿಗೇನು? ಮದುವೆ ಆಗಿದೆ. ಒಂದು ಮಗೂನೂ ಇದೆಯಂತೆ."

"ಹೌದಾ," ಎಂದಳು ಯಾನ್ನಿ. "ಒಳ್ಳೇದಾಯ್ತು ಬಿಡಮ್ಮ. ನಿಮ್ಮದೆಲ್ಲ ಊಟ ಆಯ್ತಾ?"

ಫೋನು ಇಟ್ಟ ಮೇಲೆ, "ಪಾಪಿ, ಹೆತ್ತ ಮಗಳಿಗೆ ಹೀಗಾ ಮಾಡೋದು?" ಎಂದೆ.

"ಅವಳು ಮನೇಲೇ ಮುದುಕಿಯಾಗ್ಲಿ. ಆ ಮನೆ ಹೊಸಿಲು ಮಾತ್ರ ತುಳಿಯಕ್ಕೆ ಬಿಡಲ್ಲ," ಎಂದು ಚಾಯ್‌ಫೆಂಗ್ ಫೋಟೋಗಳನ್ನು ಒಂದೊಂದಾಗಿ ನೋಡತೊಡಗಿದಳು. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ.